ಕೊಡಗಿನ ಶಿಲಾಸಮಾಧಿಗಳೂ ಮಡಕೆಯ ಸಾಕ್ಷ್ಯವೂ



ಮಡಕೆಯೆಂಬುದು ಬಾಳುವೆಯಲ್ಲಿ ಅತ್ಯಂತ ಅಲ್ಪವಾದ ವಸ್ತುವೆಂದು ಲೋಕದ ಎಣಿಕೆ. ಒಡೆಯಿತೆಂದರೆ ಅದರ ಬೆಲೆಯು ಮುಗಿಯಿತು. ಓಡನ್ನು ಬೇಲಿಯ ಮೂಲೆಗೆ ಎಸೆಯುವರು. ಆದರೆ ಶರಣರ ಚರಿತೆಯನ್ನು ಕೇಳಿ ಬಲ್ಲವರು ಮಡಕೆಯನ್ನು ಅಷ್ಟು ಹಗುರವಾಗಿ ಕಾಣಲಾರರು. ಮಹಾಕವಿ ಹರಿಹರನು ಕುಂಬಾರ ಗುಂಡಯ್ಯನ ವಿಷಯವಾಗಿ ಒಂದು ರಗಳೆಯನ್ನೇ ರಚಿಸಿರುವನು. ಗುಂಡಯ್ಯನು ಮಡಕೆಯನ್ನು ಬಾರಿಸಿದ ನಾದಕ್ಕೆ ಪರಶಿವನು ಕುಣಿದನೆಂಬ ಕಥೆಯನ್ನು ಅರಿಯದ ಭಕ್ತರು ವಿರಳ. ಮಣ್ಣಿನ ಪಾತ್ರೆಯು ಬಾಯಿಲ್ಲದಿದ್ದರೂ ನುಡಿಯಬಲ್ಲುದು, ಕೇಳುವ ಕಿವಿಯಿರಬೇಕು ಎಂಬ ಅರ್ಥವನ್ನು ಆ ಕಥೆಯಿಂದ ಗ್ರಹಿಸಿದರೆ ತಪ್ಪಾಗದು. ಈಚಿನ ನಾಲ್ಕೈದು ದಶಕಗಳಲ್ಲಿ ರಸಾಯನಶಾಸ್ತ್ರಜ್ಞರು ಅಂತಹ ಒಂದು ಕಿವಿಯನ್ನು ಪಡೆದುಕೊಂಡಿರುವರು. ಸಹಸ್ರಾರು ವರ್ಷಗಳ ಹಿಂದೆ ಯಾವ ಮಡಕೆಯಲ್ಲಿ ಹಾಲು ಕಾದಿತು, ಯಾವುದರಲ್ಲಿ ಸೊಪ್ಪು ಬೆಂದಿತು, ಯಾವುದರಲ್ಲಿ ಜೇನು ತುಂಬಿತ್ತು ಎಂಬುದನ್ನು ಓಡಿನ ಚೂರಿನಿಂದಲೇ ತಿಳಿಯುವ ವಿದ್ಯೆಯು ಈಗ ಬೆಳೆದಿರುವುದು. ಆ ವಿದ್ಯೆಯ ಸ್ವರೂಪವೇನು, ಅದರ ಬಲವೆಷ್ಟು, ಮಿತಿಯೆಷ್ಟು, ಕೊಡಗು ನಾಡಿನ ಪ್ರಾಚೀನ ಸಮಾಧಿಗಳಿಗೆ ಅದು ಹೇಗೆ ಸಂಬಂಧಿಸುವುದು ಎಂಬುದೇ ಈ ಉಪನ್ಯಾಸದ ವಿಷಯವಾಗಿರುವುದು.

ಕಾವೇರಿಯು ಹುಟ್ಟುವ ಕೊಡಗಿನಲ್ಲಿ, ಕಾಡಿನ ಅಂಚುಗಳಲ್ಲಿಯೂ ಬೋಳುಗುಡ್ಡಗಳ ನೆತ್ತಿಯ ಮೇಲೆಯೂ, ಕಲ್ಲುಚಪ್ಪಡಿಗಳಿಂದ ಕಟ್ಟಿದ ಚಿಕ್ಕ ಕೋಣೆಗಳು ಅಲ್ಲಲ್ಲಿ ಕಾಣಬರುವುವು. ಸುತ್ತಲೂ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಭಾರವಾದ ಚಪ್ಪಡಿಯನ್ನು ಹೊದಿಸಿ, ಮುಂಭಾಗದ ಕಲ್ಲಿನಲ್ಲಿ ದುಂಡಗೆ ಇಲ್ಲವೆ ಕಮಾನಿನಂತೆ ಒಂದು ಕಂಡಿಯನ್ನು ಕೊರೆದಿರುವರು. ವಿರಾಜಪೇಟೆಯ ಸೀಮೆ, ಹಿಂದೆ ಫ್ರೇಜರ್‌ಪೇಟೆಯೆನಿಸಿಕೊಂಡಿದ್ದ ಕುಶಾಲನಗರದ ಸೀಮೆ, ಸೋಮವಾರಪೇಟೆಯ ಕಡೆಯ ದೊಡ್ಡಮಳ್ತೆ, ಮೋರಿಬೆಟ್ಟ ಮೊದಲಾದ ಸ್ಥಳಗಳು ಇವುಗಳಿಂದಲೇ ಪ್ರಸಿದ್ಧವಾಗಿರುವುವು. ಜನರು ಇವುಗಳನ್ನು ಪಾಂಡವರಿಗೆ ಸಂಬಂಧಪಡಿಸಿ ಪಾಂಡುಪಾರೆಗಳೆಂದು ಕರೆಯುತ್ತ ಬಂದರು. ವನವಾಸದ ಕಾಲದಲ್ಲಿ ಪಾಂಡವರು ತಂಗಿದ ಮನೆಗಳೆಂದು ಭಾವಿಸಿದರು. ಕನ್ನಡ ನಾಡಿನ ಇತರ ಭಾಗಗಳಲ್ಲಿ ಇಂತಹವನ್ನೇ ಮೋರ್ಯರ ಮನೆಗಳೆಂದು ಹೇಳುವುದುಂಟು. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಬೆಟ್ಟದ ಮೇಲೆ ಅವು ನೂರಾರು ಸಂಖ್ಯೆಯಲ್ಲಿ ನಿಂತಿರುವುವು.

೧೯ನೆಯ ಶತಮಾನದ ನಡುಭಾಗವು ಕಳೆದ ಮೇಲೆ ಕೊಡಗಿನ ಸೂಪರಿಂಟೆಂಡೆಂಟರಾಗಿದ್ದ ಕ್ಯಾಪ್ಟನ್ ಕೋಲ್ ಮತ್ತು ಲೆಫ್ಟೆನೆಂಟ್ ಮೆಕೆಂಜಿ ಎಂಬ ಅಧಿಕಾರಿಗಳು ಈ ಕೋಣೆಗಳನ್ನು ತೆರೆದು ನೋಡಿ ವಿದ್ವತ್ಸಭೆಗಳಿಗೆ ವರದಿಗಳನ್ನು ಕಳುಹಿಸಿದರು. ೧೮೭೦ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಪಾದ್ರಿ ರಿಕ್ಟರರ ಕೊಡಗಿನ ಕೈಪಿಡಿಯಲ್ಲಿಯೂ ಇವುಗಳ ವರ್ಣನೆಯು ಸೇರಿತು. ಒಂದು ಶತಮಾನದ ತರುವಾಯ, ೧೯೭೮ರಲ್ಲಿ, ಕೆ. ಕೆ. ಸುಬ್ಬಯ್ಯನವರು ಕೊಡಗಿನ ಪ್ರಾಕ್ತನ ಅವಶೇಷಗಳನ್ನು, ಅದರಲ್ಲಿಯೂ ಶಿಲಾಸಮಾಧಿಗಳನ್ನು, ಕುರಿತು ಪ್ರತ್ಯೇಕ ಗ್ರಂಥವನ್ನೇ ಪ್ರಕಟಿಸಿದರು. ಇವು ವಾಸದ ಮನೆಗಳಲ್ಲ, ಮೃತರ ಸ್ಮಾರಕಗಳು ಎಂಬುದು ಈಗ ನಿಶ್ಚಿತವಾಗಿರುವುದು. ದಕ್ಷಿಣ ದೇಶದ ಇಂತಹ ಸಮಾಧಿಗಳಲ್ಲಿ ಬಹುಭಾಗವು ಕಬ್ಬಿಣದ ಬಳಕೆಯನ್ನರಿತ ಜನರವು. ಸ್ಥೂಲವಾಗಿ ಕ್ರಿಸ್ತಪೂರ್ವ ಮೊದಲನೆಯ ಸಹಸ್ರಮಾನಕ್ಕೆ ಸೇರಿದವು. ಅವುಗಳೊಳಗೆ ದೊರೆಯುವುದು ಬೂದಿ, ಎಲುಬಿನ ತುಣುಕು, ಕಬ್ಬಿಣದ ಆಯುಧ, ಮಣಿ, ಇವೆಲ್ಲಕ್ಕಿಂತ ಹೆಚ್ಚಾಗಿ ಮಡಕೆಗಳು. ಆ ಮಡಕೆಗಳಲ್ಲಿ ಅನೇಕವು ಒಳಗೂ ಕಂಠದ ಬಳಿಯೂ ಕಪ್ಪಾಗಿ, ಹೊರಗೆ ಕೆಂಪಾಗಿ, ನಯವಾಗಿ ಉಜ್ಜಲ್ಪಟ್ಟಿರುವುವು.

ಮೃತರ ಬಳಿಯಲ್ಲಿ ಇಷ್ಟೊಂದು ಮಡಕೆಗಳನ್ನು ಏತಕ್ಕೆ ಇಟ್ಟರು? ಅವುಗಳಲ್ಲಿ ಅನ್ನವಿತ್ತೇ, ನೀರಿತ್ತೇ, ಬರಿದಾಗಿದ್ದುವೇ? ಮನೆಯಲ್ಲಿ ಬಳಸಿದ ಪಾತ್ರೆಗಳೇ, ಸಂಸ್ಕಾರಕ್ಕೆಂದು ಹೊಸದಾಗಿ ಸುಟ್ಟವೇ? ಈ ಪ್ರಶ್ನೆಗಳಿಗೆ ಉತ್ತರವನ್ನು ಮಡಕೆಯ ಆಕಾರದಿಂದ ಊಹಿಸಬಹುದೇ ಹೊರತು ಸಿದ್ಧಪಡಿಸಲಾಗದು. ಹಳೆಯ ಶೋಧಕರು ಆಕಾರವನ್ನೂ ಬಣ್ಣವನ್ನೂ ಅಳತೆಯನ್ನೂ ಶ್ರದ್ಧೆಯಿಂದ ಬರೆದಿಟ್ಟರು. ಒಳಗಿನ ಮಣ್ಣನ್ನು ಮಾತ್ರ ಕಸವೆಂದು ಸುರಿದುಬಿಡುವುದು ಆ ಕಾಲದ ವಾಡಿಕೆಯಾಗಿತ್ತು.

ಜನರ ಪಾಂಡವ ಕಥೆಯನ್ನು ಕೇಳಿ ನಗುವುದು ಉಚಿತವಲ್ಲ. ಅರ್ಥವಾಗದ ವಸ್ತುವನ್ನು ಕಂಡಾಗ ತನಗೆ ಗೊತ್ತಿರುವ ಪವಿತ್ರ ಕಥೆಯೊಡನೆ ಅದನ್ನು ಜೋಡಿಸುವುದು ಮನುಷ್ಯಸಹಜವಾದುದು. ಆ ಜೋಡಣೆಯಿಂದಲೇ ಎಷ್ಟೋ ಕಲ್ಲುಗಳು ಒಡೆಯಲ್ಪಡದೆ ಉಳಿದುವು. ಆದರೆ ಕಥೆಯ ಹಿಂದಿರುವ ವಸ್ತುಸ್ಥಿತಿಯನ್ನು ವಿಚಾರಿಸುವುದೂ ಧರ್ಮವೇ. ಇದಕ್ಕೆ ಕನ್ನಡ ನಾಡಿನಲ್ಲಿಯೇ ಒಂದು ಉತ್ತಮ ನಿದರ್ಶನವುಂಟು. ಬಳ್ಳಾರಿಯ ಸುತ್ತಮುತ್ತ ಬೂದಿಯ ದೊಡ್ಡ ದಿಬ್ಬಗಳಿರುವುವು. ಭೀಮಸೇನನಿಂದ ಹತನಾದ ಹಿಡಿಂಬಾಸುರನನ್ನು ಸುಟ್ಟ ಬೂದಿಯೇ ಅದು ಎಂದು ಜನರು ನಂಬಿದ್ದರು. ಅದು ಗೋಮಯದ ಬೂದಿಯೆಂದು ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂಗರ್ಭಶಾಸ್ತ್ರಜ್ಞರು ಪ್ರತಿಪಾದಿಸಿದರು. ೧೯೬೦ರಲ್ಲಿ ಜಾಯ್ನರ್ ಎಂಬ ವಿದ್ವಾಂಸರು ಪ್ರಯೋಗಶಾಲೆಯ ಪರೀಕ್ಷೆಯ ಮೂಲಕ ಅದನ್ನೇ ಸ್ಥಿರಪಡಿಸಿದರು. ನವಶಿಲಾಯುಗದ ಗೋಪಾಲಕರು ತಮ್ಮ ದೊಡ್ಡಿಗಳಲ್ಲಿ ಕೂಡಿದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟುದರ ಫಲವಾಗಿ ಆ ದಿಬ್ಬಗಳಾದುವು. ರಕ್ಕಸನ ಬೂದಿಯೆಂದು ತಿಳಿದಿದ್ದುದು ಗೋವಿನ ಸಗಣಿಯ ಬೂದಿಯೆಂದಾದಾಗ ಆ ಸ್ಥಳದ ಮಹಿಮೆಯು ಕುಗ್ಗಲಿಲ್ಲ. ನಾಲ್ಕು ಸಾವಿರ ವರ್ಷಗಳ ಹಿಂದಿನ ಕನ್ನಡ ನೆಲದ ಗೋಪಾಲಕರ ಜೀವನವೇ ಕಣ್ಣಿಗೆ ಬಿತ್ತು.

ಇನ್ನು ಮಡಕೆಯು ಉಂಡ ಅನ್ನವನ್ನು ನೆನಪಿನಲ್ಲಿಡುವ ಬಗೆಯನ್ನು ನೋಡಬೇಕು. ಇದನ್ನು ಅರಿಯಲು ಯಂತ್ರಗಳ ಪರಿಚಯಕ್ಕಿಂತ ಮೊದಲು ಅಡಿಗೆಮನೆಯ ಅನುಭವವೇ ಸಾಕು. ಮೊಸರು ಹೆಪ್ಪುಹಾಕುವ ಗಡಿಗೆಯನ್ನು ಎಷ್ಟು ತೊಳೆದರೂ ಅದರ ವಾಸನೆಯು ಹೋಗದು. ಹೊಸ ಗಡಿಗೆಯಲ್ಲಿ ಅಡಿಗೆ ಮಾಡುವ ಮುನ್ನ ಗಂಜಿಯ ತಿಳಿಯಿಂದ ಅದನ್ನು ಪಳಗಿಸುವ ಪದ್ಧತಿಯನ್ನು ಹಳ್ಳಿಯ ತಾಯಂದಿರು ಬಲ್ಲರು. ಹಾಗೆ ಮಾಡದಿದ್ದರೆ ಅದು ನೀರನ್ನು ಹೀರಿ ಒಸರುವುದು. ಮೆರುಗು ಹಚ್ಚದ ಮಡಕೆಯ ಗೋಡೆಯ ತುಂಬ ಕಣ್ಣಿಗೆ ಕಾಣದ ಸೂಕ್ಷ್ಮ ರಂಧ್ರಗಳು. ಕುದಿಯುವಾಗ ಅನ್ನ, ಹಾಲು, ಮಾಂಸ, ಎಣ್ಣೆಕಾಳುಗಳಿಂದ ಬಿಡುಗಡೆಯಾದ ಜಿಡ್ಡು ಆ ರಂಧ್ರಗಳೊಳಗೆ ಇಳಿದು ಜೇಡಿಮಣ್ಣಿಗೆ ಅಂಟಿಕೊಳ್ಳುವುದು. ಜಿಡ್ಡು ನೀರಿನಲ್ಲಿ ಸುಲಭವಾಗಿ ಕರಗದು. ರಂಧ್ರದೊಳಗೆ ಸೇರಿದುದನ್ನು ಸೂಕ್ಷ್ಮಜೀವಿಗಳೂ ಬೇಗ ತಿಂದುಬಿಡಲಾರವು. ಆದಕಾರಣ ಮಡಕೆಯು ಒಡೆದು ಹೂತುಹೋದರೂ ಅದರ ಒಂದು ಅಂಶವು ಸಾವಿರಾರು ವರ್ಷ ಉಳಿಯುವುದುಂಟು.

ಈ ಜಿಡ್ಡನ್ನು ಹೊರಗೆ ತೆಗೆಯುವ ಕ್ರಮವು ಹೀಗಿದೆ. ಮೊದಲು ಓಡಿನ ಮೇಲ್ಮೈಯನ್ನು ಕೆರೆದು ತೆಗೆದುಹಾಕುವರು. ಏಕೆಂದರೆ ಅಲ್ಲಿ ಸಮಾಧಿಯ ಮಣ್ಣಿನ ಅಂಶವೂ ಮುಟ್ಟಿದವರ ಕೈಯ ಜಿಡ್ಡೂ ಸೇರಿರುವ ಸಂಭವವುಂಟು. ಒಳಗಿನ ಮಣ್ಣನ್ನು ಕೆಲವೇ ಗ್ರಾಂ ತೂಕದಷ್ಟು ಪುಡಿಮಾಡಿ, ಕ್ಲೋರೋಫಾರಂ, ಮೆಥನಾಲ್ ಮೊದಲಾದ ದ್ರಾವಕಗಳಲ್ಲಿ ನೆನೆಯಿಸಿ, ಜಿಡ್ಡನ್ನು ಬೇರ್ಪಡಿಸುವರು. ಆಮೇಲೆ ಅದನ್ನು ವರ್ಣಲೇಖನ ಯಂತ್ರದ ನೀಳವಾದ ಕೊಳವೆಯಲ್ಲಿ ಆವಿಯಾಗಿ ಹಾಯಿಸುವರು. ಜಾತ್ರೆಯ ಗುಂಪು ಇಕ್ಕಟ್ಟಾದ ಬಾಗಿಲಿನಿಂದ ಹೊರಬರುವಾಗ ಒಬ್ಬೊಬ್ಬರಾಗಿ ಬೇರೆಯಾಗುವಂತೆ, ಜಿಡ್ಡಿನಲ್ಲಿ ಕಲೆತಿದ್ದ ದ್ರವ್ಯಗಳು ಒಂದೊಂದಾಗಿ ಬೇರೆ ಬೇರೆ ಹೊತ್ತಿನಲ್ಲಿ ಹೊರಬರುವುವು. ಬಂದ ಪ್ರತಿಯೊಂದರ ಅಣುವಿನ ತೂಕವನ್ನು ಮತ್ತೊಂದು ಯಂತ್ರವು ಅಳೆದು, ಅದು ಇಂತಹ ದ್ರವ್ಯವೆಂದು ಗುರುತಿಸುವುದು.

ಹೀಗೆ ಗುರುತಿಸಲ್ಪಡುವ ಲಕ್ಷಣಗಳು ಹಲವಾರು. ಕೊಲೆಸ್ಟರಾಲ್ ಎಂಬ ದ್ರವ್ಯವು ಪ್ರಾಣಿಮೂಲವನ್ನು ಸೂಚಿಸುವುದು. ಸಿಟೋಸ್ಟರಾಲ್ ಸಸ್ಯಮೂಲವನ್ನು ಸೂಚಿಸುವುದು. ಎಲೆಗಳ ಮೇಲಿನ ಮೇಣದ ಅಂಶವು ಸಿಕ್ಕರೆ ಮಡಕೆಯಲ್ಲಿ ಸೊಪ್ಪು ಬೆಂದಿತೆಂದು ತಿಳಿಯಬಹುದು. ೧೯೯೧ರಲ್ಲಿ ಇಂಗ್ಲೆಂಡಿನ ವಿದ್ವಾಂಸರು ಹಳೆಯ ಮಡಕೆಯಲ್ಲಿ ಕೋಸಿನ ಜಾತಿಯ ಸೊಪ್ಪಿನ ಮೇಣವನ್ನು ಹೀಗೆ ಕಂಡುಹಿಡಿದರು. ಜೇನುಮೇಣಕ್ಕೆ ತನ್ನದೇ ಆದ ಸ್ಪಷ್ಟ ಮುದ್ರೆಯುಂಟು. ಆಫ್ರಿಕದ ನೈಜೀರಿಯದಲ್ಲಿ ನೋಕ್ ಜನರ ಮೂರು ಸಾವಿರದ ಐನೂರು ವರ್ಷಗಳಷ್ಟು ಪ್ರಾಚೀನವಾದ ಮಡಕೆಗಳಲ್ಲಿ ಅದು ದೊರೆತ ಸಂಗತಿಯು ೨೦೨೧ರಲ್ಲಿ ಪ್ರಕಟವಾಯಿತು. ಬರಗಿನ ಧಾನ್ಯದಲ್ಲಿ ಮಿಲಿಯಾಸಿನ್ ಎಂಬ ವಿಶೇಷ ದ್ರವ್ಯವಿರುವುದರಿಂದ, ಕೊರಿಯ ಮತ್ತು ಪೋಲೆಂಡ್ ದೇಶಗಳ ಮಡಕೆಗಳಲ್ಲಿ ಬರಗಿನ ಅಡಿಗೆಯ ಗುರುತನ್ನು ೨೦೧೬ರಲ್ಲಿ ತೋರಿಸಲಾಯಿತು.

ಹಾಲನ್ನೂ ಮಾಂಸವನ್ನೂ ಬೇರ್ಪಡಿಸುವ ಉಪಾಯವು ಇವೆಲ್ಲಕ್ಕಿಂತ ಸೂಕ್ಷ್ಮವಾದುದು. ಹಸುವಿನ ಹಾಲಿನ ಜಿಡ್ಡಿನಲ್ಲಿಯೂ ಅದರ ಮೈಯ ಕೊಬ್ಬಿನಲ್ಲಿಯೂ ಪಾಮಿಟಿಕ್, ಸ್ಟಿಯರಿಕ್ ಎಂಬ ಎರಡು ಆಮ್ಲಗಳಿರುವುವು. ಹೆಸರಿನಿಂದ ಮಾತ್ರ ನೋಡಿದರೆ ಭೇದವು ತೋರದು. ಆದರೆ ಇಂಗಾಲದಲ್ಲಿ ಹಗುರವಾದುದು, ತುಸು ಭಾರವಾದುದು ಎಂದು ಎರಡು ಸ್ಥಿರವಾದ ಬಗೆಗಳುಂಟು. ಕೆಚ್ಚಲು ಸ್ಟಿಯರಿಕ್ ಆಮ್ಲವನ್ನು ತಾನೇ ತಯಾರಿಸಿಕೊಳ್ಳಲಾರದೆ, ಮೇವಿನಿಂದ ಬಂದುದನ್ನು ರಕ್ತದಿಂದ ಪಡೆಯುವುದು. ಆದುದರಿಂದ ಹಾಲಿನ ಸ್ಟಿಯರಿಕ್ ಆಮ್ಲದಲ್ಲಿ ಭಾರವಾದ ಇಂಗಾಲದ ಪಾಲು ಮಾಂಸದ ಕೊಬ್ಬಿನಲ್ಲಿರುವುದಕ್ಕಿಂತ ಕಡಮೆಯಾಗಿರುವುದು. ಈ ಅತ್ಯಲ್ಪ ಅಂತರವನ್ನು ಅಳೆದು ಪ್ರಾಚೀನ ಮಡಕೆಯಲ್ಲಿ ಹಾಲನ್ನು ಗುರುತಿಸುವ ಮಾರ್ಗವನ್ನು ಬ್ರಿಸ್ಟಲ್ ವಿಶ್ವವಿದ್ಯಾನಿಲಯದ ರಿಚರ್ಡ್ ಎವರ್ಷೆಡ್ ಮತ್ತು ಅವರ ಸಹೋದ್ಯೋಗಿಗಳು ೧೯೯೮ರಲ್ಲಿ ಪ್ರಕಟಿಸಿದರು.

ಭರತಖಂಡದಲ್ಲಿಯೂ ಈ ವಿದ್ಯೆಯು ಪ್ರಯೋಗಕ್ಕೆ ಬಂದಿರುವುದು. ಕಚ್ಛದ ಕೋಟಡಾ ಭಾಡ್ಲಿ ಎಂಬ ಸಿಂಧೂ ಸಂಸ್ಕೃತಿಯ ಹಳ್ಳಿಯಲ್ಲಿ ದೊರೆತ ೫೯ ಓಡುಗಳನ್ನು ಕಲ್ಯಾಣ್ ಶೇಖರ್ ಚಕ್ರವರ್ತಿಯವರು ಪರೀಕ್ಷಿಸಿ, ಕ್ರಿಸ್ತಪೂರ್ವ ೨೫೦೦ರ ಸುಮಾರಿನಲ್ಲಿ ಅಲ್ಲಿ ಹಾಲನ್ನು ಬಳಸುತ್ತಿದ್ದರೆಂದು ೨೦೨೦ರಲ್ಲಿ ತೋರಿಸಿದರು. ಹರಿಯಾಣ ಮತ್ತು ಉತ್ತರ ಪ್ರದೇಶಗಳ ರಾಖಿಗಢಿ, ಫರ್ಮಾನಾ, ಆಲಮ್‌ಗೀರ್‌ಪುರ ಮೊದಲಾದ ಸ್ಥಳಗಳ ೧೭೨ ಓಡುಗಳನ್ನು ಅಕ್ಷಯೇತಾ ಸೂರ್ಯನಾರಾಯಣ್ ಅವರೂ ಸಂಗಡಿಗರೂ ಪರೀಕ್ಷಿಸಿದರು. ಅದರ ಫಲವು ೨೦೨೧ರ ಸಂಪುಟವೊಂದರಲ್ಲಿ ಅಚ್ಚಾಯಿತು. ಅಲ್ಲಿ ಹಾಲಿನ ಗುರುತು ಸ್ವಲ್ಪವಾಗಿಯೂ, ಪ್ರಾಣಿಗಳ ಕೊಬ್ಬಿನ ಗುರುತು ಹೆಚ್ಚಾಗಿಯೂ ಕಂಡುಬಂದಿತು.

ಈ ಎರಡನೆಯ ಪರೀಕ್ಷೆಯಿಂದ ಕಲಿಯಬೇಕಾದ ಪಾಠವೊಂದುಂಟು. ಓಡುಗಳಲ್ಲಿ ಬಹುಭಾಗದ ಜಿಡ್ಡು ಹಂದಿಯಂತಹ, ಮೆಲುಕು ಹಾಕದ ಪ್ರಾಣಿಗಳ ಕೊಬ್ಬನ್ನು ಹೋಲುತ್ತಿತ್ತು. ಆದರೆ ಆ ಸ್ಥಳಗಳಲ್ಲಿ ಅಗೆದಾಗ ಸಿಕ್ಕ ಎಲುಬುಗಳಲ್ಲಿ ಹಂದಿಯವು ಬಹಳ ಕಡಮೆ. ದನ ಎಮ್ಮೆಗಳವೇ ಅಧಿಕ. ಎಲುಬು ಒಂದನ್ನು ಹೇಳಿ ಮಡಕೆಯು ಮತ್ತೊಂದನ್ನು ಹೇಳಿದಾಗ ವಿವೇಕಿಯು ಯಾವುದನ್ನೂ ಸುಳ್ಳೆನ್ನದೆ, ಕಾರಣವನ್ನು ಹುಡುಕುವನು. ಒಂದೇ ಮಡಕೆಯಲ್ಲಿ ಇಂದು ಧಾನ್ಯ, ನಾಳೆ ಹಾಲು, ಮರುದಿನ ಮಾಂಸ ಬೆಂದರೆ ಅವುಗಳ ಜಿಡ್ಡುಗಳು ಕಲೆತು ಮತ್ತೊಂದರಂತೆ ತೋರಬಹುದೆಂದು ಆ ಪರೀಕ್ಷಕರೇ ಎಚ್ಚರಿಸಿರುವರು. ಮಡಕೆಯು ಸತ್ಯವಾದ ಸಾಕ್ಷಿಯೇ ಸರಿ. ಆದರೆ ಬಹು ದಿನಗಳ ಅಡಿಗೆಯನ್ನು ಒಂದೇ ಮಾತಿನಲ್ಲಿ ಹೇಳುವ ಸಾಕ್ಷಿ. ಎಲುಬು, ಸುಟ್ಟ ಬೀಜ, ಮಣ್ಣು ಇವುಗಳ ಸಾಕ್ಷ್ಯವನ್ನೂ ಕೂಡಿಸಿಕೊಂಡಲ್ಲದೆ ತೀರ್ಪನ್ನು ಕೊಡಲಾಗದು.

ಬೀಜದ ಸಾಕ್ಷ್ಯವು ಕನ್ನಡ ನಾಡಿನಲ್ಲಿ ಚೆನ್ನಾಗಿ ದೊರೆತಿರುವುದು. ಬಳ್ಳಾರಿಯ ಬಳಿಯ ಸಂಗನಕಲ್ಲು, ತುಂಗಭದ್ರೆಯ ದಡದ ಹಳ್ಳೂರು ಮೊದಲಾದ ಕಡೆಗಳಲ್ಲಿ ಮಣ್ಣನ್ನು ನೀರಿನಲ್ಲಿ ಕದಡಿ, ತೇಲಿಬಂದ ಕರಿಕಾದ ಬೀಜಗಳನ್ನು ಡೋರಿಯನ್ ಫುಲ್ಲರ್ ಎಂಬ ವಿದ್ವಾಂಸರು ಪರಿಶೀಲಿಸಿದರು. ನವಶಿಲಾಯುಗದ ಕನ್ನಡ ನೆಲದ ಮೂಲ ಆಹಾರವು ಹುರುಳಿ, ಹೆಸರು, ಕೊರಲೆ ಮತ್ತು ನವಣೆಯ ಜಾತಿಯ ಒಂದು ಕಿರುಧಾನ್ಯವೆಂದು ಅದರಿಂದ ತಿಳಿಯಿತು. ಹಳ್ಳಿಯ ಒಲೆಯ ಮೇಲೆ ಇಂದಿಗೂ ಬೇಯುವ ಹುರುಳಿಯು ನಾಲ್ಕು ಸಾವಿರ ವರ್ಷಗಳ ಮನೆತನವುಳ್ಳದ್ದು.

ಈ ವಿದ್ಯೆಯನ್ನು ಕೊಡಗಿನ ನೆಲಕ್ಕೆ ಅನ್ವಯಿಸುವಾಗ ಅಲ್ಲಿನ ಮಳೆ ಮಣ್ಣುಗಳನ್ನು ಗಮನಿಸಬೇಕು. ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆಯಾಗುವುದು. ಮಲೆನಾಡಿನ ಕೆಂಪು ಮಣ್ಣು ಆಮ್ಲಗುಣವುಳ್ಳದ್ದು. ಅಂತಹ ಮಣ್ಣಿನಲ್ಲಿ ಎಲುಬು ಕರಗಿಹೋಗುವುದು. ಸಾಕ್ಷಿಗಳಲ್ಲಿ ಎಲುಬು ಮೌನವಾದೆಡೆ ಮಡಕೆಯ ಮಾತಿಗೆ ಹೆಚ್ಚಿನ ಬೆಲೆಯು ಬರುವುದು. ಮಳೆಯೂ ಸೆಕೆಯೂ ಜಿಡ್ಡನ್ನು ಕ್ಷೀಣಗೊಳಿಸುವುದು ನಿಜ. ಆದರೂ ದಪ್ಪ ಚಪ್ಪಡಿಯ ಕೆಳಗೆ, ಯಾರೂ ಮುಟ್ಟದೆ ಉಳಿದ ಪಾತ್ರೆಯಲ್ಲಿ ಅದರ ಲೇಶವನ್ನು ನಿರೀಕ್ಷಿಸುವುದು ಅಸಂಗತವಲ್ಲ. ಇನ್ನೊಂದು ಕಷ್ಟವನ್ನೂ ಹೇಳಬೇಕು. ಕೊಡಗು ಬತ್ತದ ಗದ್ದೆಗಳ ನಾಡು. ಅಕ್ಕಿಯಲ್ಲಿ ಜಿಡ್ಡು ಅತಿ ಅಲ್ಪ, ಬರಗಿಗಿರುವಂತಹ ಸ್ಪಷ್ಟ ಮುದ್ರೆಯೂ ಅದಕ್ಕಿಲ್ಲ. ಬರಿಯ ಅನ್ನ ಬೆಂದ ಮಡಕೆಯು ಜಿಡ್ಡಿನ ಪರೀಕ್ಷೆಯಲ್ಲಿ ಬಹುಮಟ್ಟಿಗೆ ಮೂಕವಾಗಿರುವುದು. ಅಲ್ಲಿ ಪಿಷ್ಟದ ಕಣಗಳನ್ನೂ, ಬತ್ತದ ಹೊಟ್ಟಿನಲ್ಲಿ ಬೆಳೆದು ಕೊಳೆಯದೆ ಉಳಿಯುವ ಮರಳಿನಂತಹ ಸೂಕ್ಷ್ಮ ಕಣಗಳನ್ನೂ ಸೂಕ್ಷ್ಮದರ್ಶಕದಲ್ಲಿ ಹುಡುಕಬೇಕಾಗುವುದು. ಆ ಕಣಗಳು ಇರುವುದು ಮಡಕೆಯ ಒಳಗಿನ ಮಣ್ಣಿನಲ್ಲಿ, ಒಳಮೈಗೆ ಅಂಟಿದ ಕರಿಯಲ್ಲಿ. ಹಿಂದೆ ಕಸವೆಂದು ಸುರಿದುಬಿಟ್ಟುದು ಅದನ್ನೇ ಅಲ್ಲವೇ?

ಇನ್ನು ಸಂಸ್ಕಾರದ ವಿಚಾರ. ಮೃತರ ಬಳಿಯ ಪಾತ್ರೆಯು ಮನೆಯದೋ ಹೊಸದೋ ಎಂಬುದನ್ನು ರಸಾಯನವು ಹೇಗೆ ಹೇಳಬಲ್ಲುದು? ನೀರಿನಲ್ಲಿ ಮಾಂಸವನ್ನೋ ಕಾಳನ್ನೋ ಕುದಿಸಿದಾಗ ಜಿಡ್ಡು ಮೇಲಕ್ಕೆ ತೇಲಿ ಮಡಕೆಯ ಕಂಠದ ಬಳಿ ಹೆಚ್ಚಾಗಿ ಸೇರುವುದು. ಹುರಿದರೆ ತಳದಲ್ಲಿ ಸೇರುವುದು. ಬಹುಕಾಲ ಬಳಸಿದ ಮಡಕೆಯ ಗೋಡೆಯಲ್ಲಿ ಜಿಡ್ಡು ದಟ್ಟವಾಗಿರುವುದು. ಹೊರಗೆ ಮಸಿ, ಒಳಗೆ ಸವಕಳಿ ಕಾಣುವುದು. ಅಂತಹ ಮಡಕೆಯು ಸಮಾಧಿಯಲ್ಲಿ ಸಿಕ್ಕರೆ, ಬದುಕಿದ್ದವರು ತಮ್ಮ ಒಲೆಯ ಮೇಲಿನ ಪಾತ್ರೆಯನ್ನೇ ತಂದು ಗತಿಸಿದವನಿಗೆ ಒಪ್ಪಿಸಿದರೆಂದು ತಿಳಿಯಬಹುದು. ಮಸಿಯೂ ಜಿಡ್ಡೂ ಇಲ್ಲದ ಮಡಕೆಯು ಸಿಕ್ಕರೆ, ಅದನ್ನು ಸಂಸ್ಕಾರಕ್ಕಾಗಿಯೇ ಸುಟ್ಟಿರಬಹುದು, ಇಲ್ಲವೆ ಅದರಲ್ಲಿ ನೀರನ್ನೋ ಒಣಧಾನ್ಯವನ್ನೋ ಇಟ್ಟಿರಬಹುದು. ನಾಡಿನ ಅನೇಕ ಜನಾಂಗಗಳಲ್ಲಿ ಶವಸಂಸ್ಕಾರದ ವೇಳೆಯಲ್ಲಿ ಹೊಸ ಗಡಿಗೆಯಲ್ಲಿ ನೀರನ್ನು ಹೊತ್ತು ಪ್ರದಕ್ಷಿಣೆ ಮಾಡಿ ಒಡೆಯುವ ಪದ್ಧತಿಯಿರುವುದನ್ನು ನೆನೆದರೆ ಈ ಭೇದದ ಮಹತ್ತ್ವವು ಹೊಳೆಯುವುದು. ಒಂದು ಪಾತ್ರೆಯು ಮನೆಯ ಮಮತೆಯನ್ನು ಸೂಚಿಸುವುದು. ಮತ್ತೊಂದು ಸಂಸ್ಕಾರದ ಮಡಿಯನ್ನು ಸೂಚಿಸುವುದು.

ಒಣಧಾನ್ಯವನ್ನು ಇಡುತ್ತಿದ್ದುದಕ್ಕೆ ನೆರೆಯ ತಮಿಳುನಾಡಿನಲ್ಲಿ ಪ್ರತ್ಯಕ್ಷ ಪ್ರಮಾಣವು ಸಿಕ್ಕಿರುವುದು. ಪಳನಿಯ ಸಮೀಪದ ಪೊರುಂದಲ್ ಎಂಬಲ್ಲಿ ಪುದುಚೇರಿ ವಿಶ್ವವಿದ್ಯಾನಿಲಯದ ಪ್ರೊಫೆಸರ್ ಕೆ. ರಾಜನ್ ಅವರು ೨೦೦೯ ಮತ್ತು ೨೦೧೦ರಲ್ಲಿ ನಡೆಯಿಸಿದ ಉತ್ಖನನದಲ್ಲಿ, ಶಿಲಾಸಮಾಧಿಯೊಳಗೆ ನಾಲ್ಕು ಕಾಲುಳ್ಳ ಜಾಡಿಯೊಂದು ಸುಮಾರು ೨ ಕಿಲೋಗ್ರಾಂ ಬತ್ತದೊಡನೆ ದೊರೆಯಿತು. ಇಂಗಾಲದ ಕಾಲಗಣನೆಯಿಂದ ಆ ಬತ್ತವು ಕ್ರಿಸ್ತಪೂರ್ವ ೪೯೦ರ ಸುಮಾರಿನದೆಂದು ನಿರ್ಣಯವಾಯಿತು. ಆ ಜಾಡಿಯನ್ನು ಕಂಡ ಕೂಡಲೇ ಬರಿದುಮಾಡಿ ತೊಳೆದಿದ್ದರೆ ಒಂದು ಸುಂದರವಾದ ಜಾಡಿ ಉಳಿಯುತ್ತಿತ್ತು. ಸಮಾಧಿಯ ಕಾಲವೂ ಅದರಲ್ಲಿ ಅರ್ಪಿಸಿದ ಧಾನ್ಯವೂ ತಿಳಿಯದೆ ಹೋಗುತ್ತಿದ್ದುವು.

ದೂರದ ತುರ್ಕಿ ದೇಶದ ದೃಷ್ಟಾಂತವೊಂದು ಇದೇ ಮಾತನ್ನು ಮತ್ತಷ್ಟು ದೃಢಪಡಿಸುವುದು. ಗೋರ್ಡಿಯನ್ ಎಂಬಲ್ಲಿ ಕ್ರಿಸ್ತಪೂರ್ವ ೮ನೆಯ ಶತಮಾನದ ರಾಜನೊಬ್ಬನ ಸಮಾಧಿಯನ್ನು ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದವರು ೧೯೫೭ರಲ್ಲಿ ತೆರೆದರು. ಒಳಗೆ ಕಂಚಿನ ಪಾತ್ರೆಗಳೂ ಮಣ್ಣಿನ ಪಾತ್ರೆಗಳೂ ತುಂಬಿದ್ದುವು. ಅವುಗಳ ತಳದಲ್ಲಿದ್ದ ಒಣಗಿದ ಗಸಿಯನ್ನು ಪರೀಕ್ಷಿಸುವ ಸೂಕ್ಷ್ಮ ಸಾಧನವು ಆ ಕಾಲಕ್ಕಿನ್ನೂ ಇರಲಿಲ್ಲ. ಆದರೂ ಅಗೆದವರು ಅದನ್ನು ಎಸೆಯದೆ ಕಾಗದದ ಚೀಲಗಳಲ್ಲಿ ಕಟ್ಟಿ ಕಾಪಾಡಿದರು. ನಲವತ್ತು ವರ್ಷಗಳ ತರುವಾಯ ಪ್ಯಾಟ್ರಿಕ್ ಮೆಕ್‌ಗವರ್ನ್ ಅವರೂ ಸಂಗಡಿಗರೂ ಅದನ್ನು ಪೃಥಕ್ಕರಣ ಮಾಡಿ ೧೯೯೯ರಲ್ಲಿ ಫಲವನ್ನು ಪ್ರಕಟಿಸಿದರು. ಅಂತ್ಯಸಂಸ್ಕಾರದ ಔತಣದಲ್ಲಿ ಬೇಳೆಯೊಡನೆ ಬೇಯಿಸಿದ ಆಡು ಕುರಿಗಳ ಮಾಂಸವನ್ನು ಉಂಡರು. ದ್ರಾಕ್ಷಾಮದ್ಯ, ಜವೆಗೋದಿಯ ಮದ್ಯ, ಜೇನಿನ ಮದ್ಯ ಮೂರನ್ನೂ ಬೆರೆಸಿದ ಪಾನೀಯವನ್ನು ಕುಡಿದರು. ಎರಡು ಸಾವಿರದ ಏಳುನೂರು ವರ್ಷಗಳ ಹಿಂದಿನ ಊಟವನ್ನು ಹೇಳಿದುದು ಆ ಗಸಿ. ಮುಂದೆ ಬರುವ ವಿದ್ಯೆಗಾಗಿ ಇಂದಿನ ಕಸವನ್ನು ಕಾಪಾಡಿದ ತಾಳ್ಮೆಗೆ ಸಂದ ಫಲವಿದು.

ಇಲ್ಲಿ ಒಂದು ಶಂಕೆಯು ಹುಟ್ಟಬಹುದು. ಸಮಾಧಿಯಲ್ಲಿ ಅನ್ನದ ಗುರುತು ಸಿಗದಿದ್ದರೆ ಆ ಜನರಲ್ಲಿ ಅನ್ನದಾನವೇ ಇರಲಿಲ್ಲವೆನ್ನಬೇಕೇ? ಅದಕ್ಕೆ ಉತ್ತರವನ್ನು ಭಕ್ತರು ತಮ್ಮ ಸಂಪ್ರದಾಯದಲ್ಲಿಯೇ ಕಾಣಬಹುದು. ಲಿಂಗೈಕ್ಯರಾದವರನ್ನು ಕುಳ್ಳಿರಿಸಿ, ವಿಭೂತಿ ಬಿಲ್ವಪತ್ರೆಗಳೊಡನೆ ಭೂಗರ್ಭದಲ್ಲಿ ಸಮಾಧಿ ಮಾಡುವರು. ಅನ್ನದ ಗಡಿಗೆಯನ್ನು ಒಳಗಿಡುವ ವಾಡಿಕೆಯಿಲ್ಲ. ದಾಸೋಹವು ನಡೆಯುವುದು ಹೊರಗೆ, ಬದುಕಿರುವವರ ಪಂಕ್ತಿಯಲ್ಲಿ. ಕೊಡಗನ್ನು ೧೮೩೪ರವರೆಗೆ ಆಳಿದ ಹಾಲೇರಿ ವಂಶದ ಅರಸರು ಇದೇ ಸಂಪ್ರದಾಯದವರು. ೧೮೨೦ರಲ್ಲಿ ಕಟ್ಟಿದ ಲಿಂಗರಾಜೇಂದ್ರನ ಗದ್ದಿಗೆಯನ್ನು ಮಡಿಕೇರಿಯಲ್ಲಿ ಇಂದಿಗೂ ಕಾಣಬಹುದು. ಸಮಾಧಿಯಲ್ಲಿ ಪಾತ್ರೆಯಿಲ್ಲವೆಂಬುದರಿಂದ ದಾಸೋಹವಿರಲಿಲ್ಲವೆಂದು ಯಾರಾದರೂ ತೀರ್ಮಾನಿಸಿದರೆ ಅದೆಷ್ಟು ದೊಡ್ಡ ತಪ್ಪಾದೀತು! ಅದೇ ಕೊಡಗಿನಲ್ಲಿ ಕೊಡವ ಮನೆತನಗಳು ತಮ್ಮ ಕಾರಣರಿಗೆ, ಎಂದರೆ ಕುಲದ ಹಿರಿಯರಿಗೆ, ಅಡಿಗೆಯ ಪದಾರ್ಥಗಳನ್ನೂ ಮದ್ಯವನ್ನೂ ಎಡೆಯಿಡುವುದುಂಟು. ಎಡೆಯನ್ನು ಹೊರಗಿಡುವ ಜನರೂ ಒಳಗಿಡುವ ಜನರೂ ಹಿರಿಯರನ್ನು ನೆನೆಯುವವರೇ. ಆದುದರಿಂದ ಮಡಕೆಯು ಹೇಳಿದುದನ್ನು ಕೇಳಬೇಕು. ಹೇಳದುದನ್ನು ಅದರ ಬಾಯಿಗೆ ತುರುಕಬಾರದು. ಶಿಲಾಸಮಾಧಿಗಳನ್ನು ಕಟ್ಟಿದವರು ಇಂದಿನ ಇಂತಹ ಜನಾಂಗದ ಪೂರ್ವಿಕರೆಂದು ಜಿಡ್ಡಿನ ಪರೀಕ್ಷೆಯೊಂದರಿಂದಲೇ ಹೇಳುವುದು ಸಾಧ್ಯವಿಲ್ಲ.

ಮತ್ತೊಂದು ಮಾತು. ಪ್ರಾಚೀನರ ಮಡಕೆಯಲ್ಲಿ ಮಾಂಸದ ಗುರುತು ಕಂಡಿತೆಂದು ಕೇಳಿ ಕೆಲವರು ಖೇದಪಡುವರು. ಹಾಲಿನ ಗುರುತು ಕಂಡಿತೆಂದು ಕೇಳಿ ಕೆಲವರು ಹಿಗ್ಗುವರು. ಈ ಎರಡೂ ವಿಚಾರಶೀಲರಿಗೆ ತಕ್ಕುದಲ್ಲ. ಆಚಾರವು ಮನುಷ್ಯನು ಅರಿತು ಕೈಕೊಳ್ಳತಕ್ಕ ವ್ರತ. ಹಿಂದಿನವರ ಮಡಕೆಯಲ್ಲಿ ಏನಿತ್ತೆಂಬುದರಿಂದ ಅದರ ಬೆಲೆಯು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಸತ್ಯವನ್ನು ತಮಗೆ ಬೇಕಾದಂತೆ ತಿದ್ದಿಕೊಂಡು ಪೂರ್ವಿಕರನ್ನು ಗೌರವಿಸುವುದಕ್ಕಿಂತ, ಅವರು ಇದ್ದಂತೆಯೇ ಅವರನ್ನು ಅರಿತು ಗೌರವಿಸುವುದು ಮೇಲು.

ಈ ಸಾಕ್ಷ್ಯಕ್ಕೆ ಶತ್ರುಗಳು ಹಲವರು. ಮೊದಲನೆಯದು ನಿಧಿಯ ಆಸೆ. ಪಾಂಡವರ ಮನೆಯಲ್ಲಿ ಹೊನ್ನಿದೆಯೆಂದು ನಂಬಿ ಇರುಳಲ್ಲಿ ಚಪ್ಪಡಿಯನ್ನು ಕಿತ್ತು ಮಡಕೆಯನ್ನು ಒಡೆಯುವವರು ಹೊನ್ನನ್ನು ಕಾಣದೆ ಓಡುಗಳನ್ನು ಚೆಲ್ಲಿ ಹೋಗುವರು. ಹೊನ್ನಿಗಿಂತ ಹೆಚ್ಚಿನ ನಿಧಿಯನ್ನು ಕಾಲಿನಿಂದ ತುಳಿದುದು ಅವರಿಗೆ ತಿಳಿಯದು. ಎರಡನೆಯದು ತೋಟ, ರಸ್ತೆ, ಕಟ್ಟಡಗಳಿಗಾಗಿ ನೆಲವನ್ನು ಸಮಮಾಡುವಾಗಿನ ಅಲಕ್ಷ್ಯ. ಮೂರನೆಯದು ಸದುದ್ದೇಶದಿಂದಲೇ ಆಗುವ ಹಾನಿ: ಸಿಕ್ಕಿದ ಮಡಕೆಯನ್ನು ಮಮತೆಯಿಂದ ತಿಕ್ಕಿ ತೊಳೆದು, ಎಣ್ಣೆ ಸವರಿ, ಕಪಾಟಿನಲ್ಲಿಡುವುದು. ಹಾಗೆ ತೊಳೆದ ನೀರಿನೊಡನೆ ಕರಿಯೂ ಪಿಷ್ಟದ ಕಣಗಳೂ ಹರಿದುಹೋಗುವುವು. ಸವರಿದ ಎಣ್ಣೆಯು ಹಳೆಯ ಜಿಡ್ಡಿನೊಡನೆ ಕಲೆತು ಪರೀಕ್ಷೆಯನ್ನೇ ಕೆಡಿಸುವುದು.

ಆದುದರಿಂದ ತೋಟ ಗದ್ದೆಗಳಲ್ಲಿ ಅಕಸ್ಮಾತ್ತಾಗಿ ಇಂತಹ ಕಲ್ಲುಕೋಣೆಯನ್ನೋ ಮಡಕೆಯನ್ನೋ ಕಂಡ ಭಕ್ತರು ಅನುಸರಿಸಬೇಕಾದ ಕ್ರಮವು ಸರಳವಾಗಿದೆ. ಅಗೆಯುವುದನ್ನು ಅಲ್ಲಿಗೇ ನಿಲ್ಲಿಸಬೇಕು. ಮಡಕೆಯನ್ನು ಎತ್ತಬಾರದು, ಒಳಗಿನ ಮಣ್ಣನ್ನು ಸುರಿಯಬಾರದು, ತೊಳೆಯಬಾರದು. ಜಿಲ್ಲಾಧಿಕಾರಿಗಳಿಗೋ ಪುರಾತತ್ತ್ವ ಇಲಾಖೆಗೋ ತಿಳಿಸಬೇಕು. ಓಡು ಆಗಲೇ ಹೊರಗೆ ಬಿದ್ದಿದ್ದರೆ ಬರಿಗೈಯಿಂದ ಹೆಚ್ಚು ಮುಟ್ಟದೆ, ಅದು ಬಿದ್ದಿದ್ದ ಸ್ಥಳದ ಒಂದು ಹಿಡಿ ಮಣ್ಣಿನೊಡನೆ ಇಡಬೇಕು; ಏಕೆಂದರೆ ಜಿಡ್ಡು ಮಡಕೆಯದೋ ಮಣ್ಣಿನದೋ ಎಂದು ಹೋಲಿಸಿ ನೋಡುವುದಕ್ಕೆ ಆ ಮಣ್ಣು ಬೇಕಾಗುವುದು. ಪ್ಲಾಸ್ಟಿಕ್ ಚೀಲದಲ್ಲಿ ಮಾತ್ರ ಇಡಬಾರದು; ಪ್ಲಾಸ್ಟಿಕ್ಕಿನ ಎಣ್ಣೆಯಂತಹ ಅಂಶವು ಓಡಿಗೆ ಇಳಿಯುವುದು. ತೆಳುವಾದ ಅಲ್ಯುಮಿನಿಯಂ ತಗಡಿನಲ್ಲಿ ಸುತ್ತಿಡುವುದನ್ನು ಪರೀಕ್ಷಕರು ಮೆಚ್ಚುವರು. ಪ್ರಾಚೀನ ಸ್ಮಾರಕಗಳ ರಕ್ಷಣೆಗೆ ೧೯೫೮ರ ಕೇಂದ್ರ ಶಾಸನವೂ ೧೯೬೧ರ ರಾಜ್ಯ ಶಾಸನವೂ ಉಂಟು. ಆದರೆ ಪ್ರತಿಯೊಂದು ಗುಡ್ಡಕ್ಕೂ ಕಾವಲುಗಾರನನ್ನು ಇಡಲು ಯಾವ ಸರಕಾರಕ್ಕೂ ಆಗದು; ಊರವರ ಮನಸ್ಸೇ ಕಾವಲಾಗಬೇಕು.

ಸದ್ಭಕ್ತರೇ, ಗದ್ದಿಗೆಯ ಮುಂದೆ ಪಾದರಕ್ಷೆಯನ್ನು ಕಳಚಿ ತಲೆಬಾಗುವವರಿಗೆ ಸಮಾಧಿಯ ಪಾವಿತ್ರ್ಯವನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಹೆಸರು ತಿಳಿಯದ, ಭಾಷೆ ತಿಳಿಯದ, ಮತ ತಿಳಿಯದ ಯಾರೋ ಒಬ್ಬರು ಎರಡೂವರೆ ಸಾವಿರ ವರ್ಷಗಳ ಹಿಂದೆ ತಮ್ಮ ಮನೆಯವನೊಬ್ಬನು ಗತಿಸಿದಾಗ ಭಾರವಾದ ಚಪ್ಪಡಿಗಳನ್ನು ಹೊತ್ತುತಂದು, ಒಳಗೆ ಮಡಕೆಗಳನ್ನು ಇಟ್ಟು, ಕಲ್ಲನ್ನು ಮುಚ್ಚಿ, ಕಣ್ಣೊರಸಿಕೊಂಡು ಮನೆಗೆ ಹೋದರು. ಅವರು ಬರೆದಿಟ್ಟ ಶಾಸನವಿಲ್ಲ, ಹಾಡಿದ ಹಾಡು ಉಳಿದಿಲ್ಲ. ಅವರ ಅಡಿಗೆಯ, ಅವರ ಅರ್ಪಣೆಯ ನೆನಪು ಆ ಮಡಕೆಯ ಗೋಡೆಯಲ್ಲಿ ಮಾತ್ರ ಉಳಿದಿರಬಲ್ಲುದು. ಅದನ್ನು ಓದುವ ವಿದ್ಯೆಯು ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿರುವುದು. ಓದತಕ್ಕ ಮಡಕೆಗಳ ಸಂಖ್ಯೆಯು ಬೆಳೆಯಲಾರದು. ಇರುವುದನ್ನು ಇದ್ದಂತೆ ಮುಂದಿನವರಿಗೆ ಒಪ್ಪಿಸುವುದು ಈ ತಲೆಮಾರಿನ ಕರ್ತವ್ಯವಾಗಿರುವುದು. ಆ ಕರ್ತವ್ಯವನ್ನು ನೆರವೇರಿಸುವ ಬುದ್ಧಿಯನ್ನು ಪರಮಾತ್ಮನು ಸರ್ವರಿಗೂ ದಯಪಾಲಿಸಲಿ.

ಸರ್ವರಿಗೂ ಮಂಗಳವಾಗಲಿ.